ಫೋನಿಗೆ ಉಕ್ತಲೇಖನ

ರಾತ್ರಿ ಎಂಟೂವರೆಗೆ ಮಕ್ಕಳು ಚಪ್ಪಲಿ ಹುಡುಕಿಕೊಂಡು ಮನೆಗೆ ಹೋದ ಮೇಲೆ ಪಡಸಾಲೆಯಲ್ಲಿ ಉಳಿಯುವುದು ಎರಡು ಜಮಖಾನೆ, ಒಂದು ಕರಿ ಹಲಗೆ, ಯಾರೋ ಮರೆತುಹೋದ ಪೆನ್ಸಿಲ್ಲು. ಆಮೇಲೆ ಬರೆಯುವ ಕೆಲಸ. ಸಿಂದಗಿಯಲ್ಲಿ ಟ್ಯೂಷನ್ ಹೇಳುವ ನಾನು ಬಹಳ ವರ್ಷ ಈ ಕೆಲಸವನ್ನು ಬಾಲ್‌ಪೆನ್ನಿನಲ್ಲೇ ಮಾಡಿದವನು. ಮೂರು ವರ್ಷದ ಹಿಂದೆ ಒಂದು ರಾತ್ರಿ ಬೆರಳು ಸೋತು, ಫೋನಿನ ಕೀಲಿಮಣೆಯಲ್ಲಿದ್ದ ಮೈಕಿನ ಗುರುತು ಒತ್ತಿ ಹೇಳಿದೆ: "ಇಂಡಿ ಹುಡುಗ ಈ ವಾರ ಮೂರು ದಿನ ಬಂದಿಲ್ಲ." ಪರದೆಯ ಮೇಲೆ ಮೂಡಿತು: "ಹಿಂದಿ ಹುಡುಗ ಈ ವಾರ ಮೂರು ದಿನ ಬಂದಿಲ್ಲ."

ದಿನಾ ಮೂವತ್ತು ಮಕ್ಕಳಿಗೆ ಉಕ್ತಲೇಖನ ಹೇಳಿ ಕೆಂಪು ಶಾಯಿಯಲ್ಲಿ ತಿದ್ದುವವನಿಗೆ ಆ ರಾತ್ರಿ ಮೂವತ್ತೊಂದನೆಯ ವಿದ್ಯಾರ್ಥಿ ಸಿಕ್ಕ. ಜಾಣ, ಬಲು ಚುರುಕು, ಕೇಳಿದ್ದನ್ನು ಬಿಟ್ಟು ತನಗೆ ಗೊತ್ತಿದ್ದನ್ನು ಬರೆಯುವ ಚಾಳಿ. ಅಂಥ ಹುಡುಗರು ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗೆ ಯಾವ ಕೆಲಸ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಬಾರದು ಎನ್ನುವುದು ಮಾಸ್ತರಿಕೆಯ ಮೊದಲ ಪಾಠ. ಮಾತನ್ನು ಬರಹವಾಗಿಸುವ ಈ ಸಲಕರಣೆಯ ವಿಷಯದಲ್ಲೂ ಅದೇ ಪ್ರಶ್ನೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಇದೇ ಕಸುಬಿನಲ್ಲಿರುವ ಗೆಳೆಯರು, ಅಕ್ಕೋರು ಕೆಲವರನ್ನು ಕೇಳಿ, ನನ್ನ ಅನುಭವವನ್ನೂ ಕೂಡಿಸಿ, ಇಲ್ಲಿ ಆ ಪ್ರಶ್ನೆಯನ್ನು ಒಂದು ಸುತ್ತು ನೋಡುತ್ತೇನೆ.

ಮೊದಲು, ಖಾಸಗಿ ಟ್ಯೂಷನ್ನಿನವರಿಗೆ ಇಷ್ಟೊಂದು ಕಾಗದಪತ್ರ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮಿನ ಪ್ರಕಾರ ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಹಾಗಾಗಿ ನಮ್ಮ ಕಡೆ ಈ ಕೆಲಸಕ್ಕೆ ಕೂತವರಲ್ಲಿ ಬಹಳಷ್ಟು ಜನ ಡಿ.ಇಡಿ., ಬಿ.ಇಡಿ. ಮುಗಿಸಿ ಟಿಇಟಿ ಬರೆದು ನೇಮಕಾತಿಗೆ ಕಾಯುತ್ತಿರುವವರು, ಮದುವೆಯಾಗಿ ಊರಿಗೆ ಬಂದ ಪದವೀಧರೆಯರು. ಗುಮಾಸ್ತರಿಲ್ಲ, ಆಫೀಸಿಲ್ಲ. ಪಾಠ ಹೇಳುವವರೇ ಫೀ ವಸೂಲಿ ಮಾಡಬೇಕು, ರಶೀದಿ ಹರಿಯಬೇಕು, ಟೆಸ್ಟಿನ ಅಂಕ ಬರೆಯಬೇಕು, ಪಾಲಕರ ವಾಟ್ಸಾಪ್ ಗುಂಪಿಗೆ ಉತ್ತರಿಸಬೇಕು. ಇದರ ಮೇಲೆ ವಿಜಯಪುರ ಜಿಲ್ಲೆಯದೇ ಆದ ಒಂದು ಹೊರೆ ಇದೆ: ವಸತಿ ಶಾಲೆಗಳ ಪ್ರವೇಶ ಪರೀಕ್ಷೆ. ಆಲಮಟ್ಟಿಯಲ್ಲಿ ನವೋದಯ, ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ, ಹೆಣ್ಣುಮಕ್ಕಳಿಗೆ ಕಿತ್ತೂರಿನ ರಾಣಿ ಚೆನ್ನಮ್ಮ ಶಾಲೆ, ಎಲ್ಲರ ಬಾಯಲ್ಲೂ ಇರುವ ಮೊರಾರ್ಜಿ ದೇಸಾಯಿ ವಸತಿ ಶಾಲೆ. ಐದನೆಯ ಇಯತ್ತೆಯ ಹುಡುಗನಿಗೆ ಕೋಚಿಂಗ್ ಹಚ್ಚುವುದು ಇಲ್ಲಿ ಹೊಲಕ್ಕೆ ಬೀಜ ಹಾಕಿದಷ್ಟೇ ಸಹಜ. ನವೋದಯದ ಆರನೆಯ ತರಗತಿಯ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ತಾಸು. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಅದಕ್ಕೆ ವಾರವಾರ ಅಣಕು ಪರೀಕ್ಷೆ, ಪ್ರತಿ ಮಗುವಿಗೆ ಮೂರು ಭಾಗದ ಅಂಕ, ಈ ಶಾಲೆಗಳ ಅರ್ಜಿಯ ಹೊತ್ತಿಗೆ ಆಧಾರ್, ಸ್ಯಾಟ್ಸ್ ನಂಬರ್, ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಮುಖ್ಯ ಗುರುಗಳ ಸಹಿ. ಯಾವ ಜಿಲ್ಲೆಯಲ್ಲಿ ಓದುವ ಮಗುವೋ ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಸಿಂದಗಿಯ ಮಗ್ಗುಲಲ್ಲೇ ಕಲಬುರಗಿ ಜಿಲ್ಲೆಯ ಊರುಗಳಿವೆ, ಅಲ್ಲಿಂದಲೂ ಮಕ್ಕಳು ಬರುತ್ತಾರೆ. ಅವರದಕ್ಕೆ ಬೇರೆ ಕಡತ.

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಐವತ್ತಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರ ಶುಲ್ಕಕ್ಕೆ ರಶೀದಿ ಕೊಡಬೇಕು, ಪೂರ್ತಿ ಹಣ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂತಿರುಗಿಸಬೇಕು ಎಂದೆಲ್ಲ ಅದರಲ್ಲಿದೆ. ಹದಿನಾರು ತುಂಬದವರನ್ನು ಸೇರಿಸಬಾರದೆಂದೂ ಇದೆ. ಹತ್ತು ವರ್ಷದ ಮಕ್ಕಳಿಗೆ ನವೋದಯ ಕೋಚಿಂಗ್ ನಡೆಯುವ ನಮ್ಮ ಬೀದಿಗಳಲ್ಲಿ ನಿಂತು ಆ ಸಾಲು ಓದಿದರೆ ಏನೆನ್ನಬೇಕೋ ತಿಳಿಯದು. ಪಡಸಾಲೆಯ ಮೂವತ್ತು ಮಕ್ಕಳಿಗೆ ಇದು ನೇರವಾಗಿ ತಾಗುವುದಿಲ್ಲ. ಆದರೆ ರಶೀದಿ ಕೇಳುವ ರೂಢಿ ಪಾಲಕರಲ್ಲಿ ಬಂದಾಗಿದೆ. ಫೋನ್‌ಪೇ ಮಾಡಿದ ಮೇಲೂ ಕೇಳುತ್ತಾರೆ.

ಈ ಹೊರೆ ಇಳಿಸಲು ದನಿ ಬಂತು. ಗೂಗಲ್ ತನ್ನ ಧ್ವನಿ ಟೈಪಿಂಗಿಗೆ ಕನ್ನಡವನ್ನು ಸೇರಿಸಿದ್ದು 2017ರ ಆಗಸ್ಟಿನಲ್ಲಿ, ಮರಾಠಿ, ತೆಲುಗು, ತಮಿಳು, ಉರ್ದು ಮುಂತಾದ ಇನ್ನೂ ಏಳು ಭಾರತೀಯ ಭಾಷೆಗಳ ಜೊತೆಗೆ. ಅಲ್ಲಿಯವರೆಗೆ ಕನ್ನಡ ಬರೆಯಬೇಕೆಂದರೆ ಕೀಲಿಮಣೆ ಕಲಿತಿರಬೇಕಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕುಟ್ಟಿದವರಿಗೆ ಅದು ಸುಲಭ, ಉಳಿದವರು "ನಮಸ್ಕಾರ"ಕ್ಕೆ ಇಂಗ್ಲಿಷ್ ಅಕ್ಷರ ಒತ್ತುತ್ತಿದ್ದರು. ಈಗಲೂ ನಮ್ಮ ಪಾಲಕರ ಗುಂಪುಗಳಲ್ಲಿ ಅರ್ಧ ಸಂದೇಶ ಇಂಗ್ಲಿಷ್ ಅಕ್ಷರದ ಕನ್ನಡವೇ.

ಹಿಂದೆ ಈ ಸೀಮೆಯಲ್ಲಿ ವೇಗದ ಬರಹಕ್ಕೆ ಕುಲಕರ್ಣಿಗಳ ದಫ್ತರದಲ್ಲಿ ಮೋಡಿ ಇತ್ತು. ಲೇಖನಿ ಎತ್ತದೆ ಬರೆಯುವ ಅಕ್ಷರ ಅದು. ಬರೆದವನಿಗೆ ಬಿಟ್ಟರೆ ಇನ್ನೊಬ್ಬನಿಗೆ ತಿಳಿಯುವುದು ಕಷ್ಟ. ರೈತ ಹೇಳುತ್ತಿದ್ದ, ಕುಲಕರ್ಣಿ ಬರೆಯುತ್ತಿದ್ದ, ಏನು ಬರೆದನೆಂದು ಓದಿಸಿ ನೋಡುವ ತ್ರಾಣ ರೈತನಿಗೆ ಇರಲಿಲ್ಲ. ಫೋನಿಗೆ ಹೇಳಿ ಬರೆಸುವವರು ಈ ಹಳೆಯ ಕಥೆಯನ್ನು ತಲೆಯಲ್ಲಿಟ್ಟುಕೊಂಡರೆ ಒಳ್ಳೆಯದು. ಹೇಳಿದ್ದೇ ಬೇರೆ ಬರೆದದ್ದೇ ಬೇರೆ ಆಗಲು ಮೋಸವೇ ಬೇಕೆಂದಿಲ್ಲ, ಊಹೆ ಸಾಕು.

ಯಂತ್ರ ಮಾಡುವುದು ಊಹೆಯನ್ನೇ. ದನಿಯ ಅಲೆಯನ್ನು ಚೂರು ಚೂರು ಮಾಡಿ, ಈ ಸದ್ದಿಗೆ ಯಾವ ಅಕ್ಷರ ಹತ್ತಿರ, ಈ ಪದದ ಹಿಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂದು ತೂಗಿ ನೋಡುತ್ತದೆ. ಅದು ಕಲಿತ ಪಠ್ಯದಲ್ಲಿ "ಹಿಂದಿ" ಸಾವಿರಾರು ಸಲ ಬಂದಿದ್ದು "ಇಂಡಿ" ಹತ್ತು ಸಲ ಬಂದಿದ್ದರೆ, ಲಿಂಬೆಹಣ್ಣಿಗೆ ಹೆಸರಾದ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೇ ಕೂತಿರುವ ಊರು ಒಂದು ಭಾಷೆಯಾಗಿ ಹೋಗುತ್ತದೆ. ಹಾಗಾದರೆ ಯಂತ್ರ ಏನು ಓದಿ ಕಲಿಯುತ್ತದೆ ಎಂಬುದೇ ಮುಖ್ಯ. 2022ರಲ್ಲಿ ಓಪನ್‌ಎಐ ಸಂಸ್ಥೆ ಬಿಡುಗಡೆ ಮಾಡಿದ ವಿಸ್ಪರ್ ಎಂಬ ಮಾದರಿಗೆ ಒಟ್ಟು 6,80,000 ತಾಸಿನ ದನಿ ಉಣಿಸಿದ್ದರು. ಅದರಲ್ಲಿ ಕನ್ನಡದ ಮಾತಿಗೆ ಕನ್ನಡದ್ದೇ ಬರಹ ಜೋಡಿಸಿದ ಪಾಲು ನಾಲ್ಕು ತಾಸಿಗಿಂತ ಕಡಿಮೆ. ನಮ್ಮ ಕಡೆ ಒಂದು ರಾತ್ರಿಯ ಶ್ರೀಕೃಷ್ಣ ಪಾರಿಜಾತದ ಆಟ ಅದಕ್ಕಿಂತ ಉದ್ದ ಇರುತ್ತದೆ.

ಆಮೇಲೆ ಪರಿಸ್ಥಿತಿ ಸುಧಾರಿಸಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಆಕಾಶವಾಣಿಯ ವಾರ್ತೆಗಳಿಂದ 12 ಭಾಷೆಗಳಲ್ಲಿ 6,400 ತಾಸಿಗೂ ಮಿಕ್ಕಿದ ಶ್ರುತಿಲಿಪಿ ಎಂಬ ಸಂಗ್ರಹ ಮಾಡಿತು, ಕನ್ನಡವೂ ಅದರಲ್ಲಿದೆ. ಕೇಂದ್ರ ಸರ್ಕಾರದ ಭಾಷಿಣಿ 2022ರ ಜುಲೈಯಲ್ಲಿ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಒಂಬತ್ತು ಭಾಷೆಗಳ ಒಳನುಡಿಗಳಲ್ಲಿ ಬೇಸಾಯ ಮತ್ತು ಹಣಕಾಸಿನ ಮಾತು ಸಂಗ್ರಹಿಸಿತು. ಅದೇ ಸಂಸ್ಥೆ ಗೂಗಲ್ ಜೊತೆ ಕೂಡಿ ನಡೆಸುವ ವಾಣಿ ಯೋಜನೆ ನನಗೆ ಹೆಚ್ಚು ಹಿಡಿಸಿದ್ದು. ಅದು ಭಾಷೆಯ ಹೆಸರು ಹಿಡಿದು ಹೊರಡುವುದಿಲ್ಲ, ಜಿಲ್ಲೆಯ ಹೆಸರು ಹಿಡಿದು ಹೊರಡುತ್ತದೆ. ಜನರಿಗೆ ಚಿತ್ರ ತೋರಿಸಿ, ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತದೆ. ಅದರ ಪಟ್ಟಿಯಲ್ಲಿ ನಮ್ಮ ಜಿಲ್ಲೆ ಹಳೆಯ ಬಿಜಾಪುರ ಎಂಬ ಹೆಸರಲ್ಲೇ ಇದೆ.

ಇಷ್ಟಾದರೂ ಫೋನಿನ ಕಿವಿ ಇನ್ನೂ ರೇಡಿಯೋದ ಕಿವಿ. ವಾರ್ತೆ ಓದುವವರ ಹಾಗೆ, "ವಿದ್ಯಾರ್ಥಿಯು ಇಂದು ತರಗತಿಗೆ ಹಾಜರಾಗಿರುವುದಿಲ್ಲ" ಎಂದರೆ ಒಂದು ತಪ್ಪಿಲ್ಲದೆ ಬರೆಯುತ್ತದೆ. "ಹುಡುಗ ಇವತ್ತ ಬಂದಿಲ್ರಿ" ಎಂದರೆ ತಡವರಿಸುತ್ತದೆ. ಸಿಂದಗಿಯ ಕಡೆ "ಬರಲಾಕತ್ತಾನ" ಎನ್ನುವುದನ್ನು ಮುದ್ದೇಬಿಹಾಳದ ಕಡೆ "ಬರಾಕತ್ತಾನ" ಎನ್ನುತ್ತಾರೆ. ಫೋನು ಎರಡನ್ನೂ "ಬರುತ್ತಿದ್ದಾನೆ" ಎಂದು ತಿದ್ದಿದರೆ ಒಪ್ಪಬಹುದಿತ್ತು. ಅದು ಒಮ್ಮೆ "ಬರಹಗಾರ" ಎಂದು ಬರೆಯಿತು. "ಸಾಲಿ"ಯ ಕಥೆ ಇನ್ನೂ ಕೆಟ್ಟದ್ದು. ನಮ್ಮಲ್ಲಿ ಶಾಲೆಗೆ ಸಾಲಿ ಅಂತಲೇ ಅನ್ನುವುದು. ಒಬ್ಬ ತಂದೆಗೆ "ಹುಡುಗ ಸಾಲಿ ತಪ್ಪಸ್ತಾನ, ಬಂದು ಮಾತಾಡ್ರಿ" ಎಂದು ಹೇಳಿ, ನೋಡದೆ ಕಳಿಸಿಬಿಟ್ಟೆ. ಹೋದದ್ದು "ಹುಡುಗ ಸಾಲ ತಪ್ಪಿಸ್ತಾನೆ". ಆ ಮನುಷ್ಯ ಅರ್ಧ ತಾಸಿನಲ್ಲಿ ಬಾಗಿಲಲ್ಲಿ ನಿಂತಿದ್ದ. "ಮಾಸ್ತರ್, ಆರನೇತ್ತೆ ಹುಡುಗಗ ಸಾಲ ಯಾವಾಂವ ಕೊಟ್ಟಾನ್ರಿ?" ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ಮನೆಯಲ್ಲಿ ನಿಜವಾಗಿ ಸಾಲ ಇತ್ತು.

ಇದನ್ನು ಹೇಳುವಾಗ ಹಲಸಂಗಿ ನೆನಪಾಗದೆ ಇರದು. ಆಗಿನ ಇಂಡಿ ತಾಲೂಕಿನ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮುಂತಾದ ಗೆಳೆಯರು ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡರು. 1931ರಲ್ಲಿ "ಗರತಿಯ ಹಾಡು" ಅಚ್ಚಾಯಿತು. ಹಾಡಿದವರ ನುಡಿಯನ್ನು ಅವರು ಗ್ರಂಥದ ಕನ್ನಡಕ್ಕೆ ತಿದ್ದಲಿಲ್ಲ, ಕಿವಿಗೆ ಬಿದ್ದ ಹಾಗೆ ಉಳಿಸಿದರು. ಈ ನೆಲದಲ್ಲಿ ನಡೆದ ಅತಿ ದೊಡ್ಡ ಉಕ್ತಲೇಖನ ಅದು. ತೊಂಬತ್ತು ವರ್ಷದ ಮೇಲೆ ಅದೇ ನೆಲದ ಮೊಮ್ಮಗಳು ಫೋನಿನ ಮುಂದೆ ಕೂತು, ಅದಕ್ಕೆ ತಿಳಿಯಲಿ ಎಂದು ತನ್ನ ಮಾತನ್ನೇ ತಿದ್ದಿಕೊಂಡು ಮಾತಾಡುತ್ತಾಳೆ. ಇಂಡಿಯ ಅಕ್ಕೋರೊಬ್ಬರು ನಗುತ್ತ ಹೇಳಿದರು: "ಫೋನ್ ಮುಂದ ಮಾತಾಡೂವಾಗ ನಾ ಬೆಂಗಳೂರಾಕಿ ಆಗ್ತೀನ್ರಿ." ಇದರಿಂದ ನುಡಿ ನಾಶವಾಯಿತು ಎಂದು ಬೊಬ್ಬೆ ಹಾಕುವವ ನಾನಲ್ಲ. ಶಾಲೆಯ ಅರ್ಜಿ ಬರೆಯುವಾಗಲೂ ನಾವು ಪುಸ್ತಕದ ಕನ್ನಡವನ್ನೇ ಬರೆಯುತ್ತೇವೆ. ಆದರೆ ಪಾಲಕರಿಗೆ ಕಳಿಸುವ ಎರಡು ಸಾಲು ಕೂಡ ತಹಶೀಲ್ದಾರರ ನೋಟೀಸಿನ ದನಿ ತಾಳಿದರೆ, ಓದುವವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ಹೆಸರು ಮತ್ತು ರೊಕ್ಕ, ಇವೆರಡರಲ್ಲಿ ಮಾತ್ರ ನನಗೆ ಯಾವ ಉದಾರತೆಯೂ ಇಲ್ಲ.

ನಮ್ಮ ಹಾಜರಿ ಪುಸ್ತಕ ತೆರೆದರೆ ಬಿರಾದಾರ ಐವರು, ಪಾಟೀಲ ನಾಲ್ವರು, ರಾಠೋಡ ಮೂವರು, ಬಾಗವಾನ, ಮುಲ್ಲಾ, ತಳವಾರ, ಹಿರೇಮಠ. ಇವುಗಳಲ್ಲಿ ಪತ್ರಿಕೆಯಲ್ಲಿ ಆಗಾಗ ಬರುವ ಹೆಸರುಗಳನ್ನು ಫೋನು ಸರಿಯಾಗಿಯೇ ಬರೆಯುತ್ತದೆ. ನಾಟೀಕಾರ ಎನ್ನುವ ಅಡ್ಡಹೆಸರನ್ನು ಮಾತ್ರ "ನಾಟಕಕಾರ" ಮಾಡಿಯೇ ತೀರುತ್ತದೆ. ಹಾಜರಿಯಲ್ಲಿ ಇದು ನಗೆಚಾಟಿಕೆ. ನವೋದಯದ ಅರ್ಜಿಯಲ್ಲಿ ಹೆಸರಿನ ಒಂದಕ್ಷರ ಆಧಾರಿಗೆ ತಾಳೆಯಾಗದಿದ್ದರೆ ನಾಡಕಚೇರಿಗೆ, ಆಧಾರ್ ಕೇಂದ್ರಕ್ಕೆ, ಶಾಲೆಗೆ ಮೂರು ದಿನದ ಕೂಲಿ ಬಿಟ್ಟು ತಿರುಗುವವರು ಪಾಲಕರು. ಆರ್‌ಡಿ ನಂಬರಿನಲ್ಲಿ ಎರಡು ಅಕ್ಷರದ ಹಿಂದೆ ಹದಿಮೂರು ಅಂಕಿ. ಅದನ್ನು ಬಾಯಲ್ಲಿ ಹೇಳಿ ಬರೆಸುವವರನ್ನು ಕಂಡರೆ ನನಗೆ ಎದೆ ಡವಡವ ಅನ್ನುತ್ತದೆ. ಫೋಟೋ ತೆಗೆದು ನಕಲು ಮಾಡಿ, ಇಲ್ಲ ಪ್ರಮಾಣಪತ್ರ ಮುಂದಿಟ್ಟುಕೊಂಡು ಬೆರಳಲ್ಲಿ ಒತ್ತಿ.

ರೊಕ್ಕದ ಮಾತು ಇನ್ನೂ ಸೂಕ್ಷ್ಮ. ಮರಾಠಿಯ ಒಡನಾಟದಿಂದ ನಮ್ಮ ಲೆಕ್ಕದ ಬಾಯಿ ಬೇರೆಯೇ ಇದೆ. ಒಂದೂವರೆ ಸಾವಿರಕ್ಕೆ ದೀಡ ಸಾವಿರ ಅನ್ನುತ್ತೇವೆ, ನೂರಿಪ್ಪತ್ತೈದಕ್ಕೆ ಸವ್ವಾ ನೂರು. "ದೀಡ ಸಾವಿರ ಜಮಾ" ಎಂದು ಹೇಳಿದ್ದಕ್ಕೆ ಒಮ್ಮೆ "ದಿಢೀರ್ ಸಾವಿರ ಜಮಾ" ಎಂದು ಬಂತು. ಇಂಥ ತಪ್ಪು ಒಳ್ಳೆಯದು, ಯಾಕೆಂದರೆ ಕಣ್ಣಿಗೆ ಹೊಡೆಯುತ್ತದೆ. ಭಯ ಹುಟ್ಟಿಸುವುದು ಇಪ್ಪತ್ತು-ಎಪ್ಪತ್ತು. ದಣಿದ ಬಾಯಲ್ಲಿ ಎರಡರ ಮೊದಲ ಸ್ವರ ಒಂದರ ಮೇಲೊಂದು ಬೀಳುತ್ತದೆ. ಒಬ್ಬ ಹುಡುಗಿಯ ಗಣಿತದ ಅಂಕ ನೂರಕ್ಕೆ ಇಪ್ಪತ್ತು ಎಂದು ಹೇಳಿದೆ, ಎಪ್ಪತ್ತು ಎಂದು ದಾಖಲಾಯಿತು, ಸಂದೇಶ ಮನೆಗೆ ಹೋಯಿತು. ಮರುದಿನ ಅವಳ ಅಜ್ಜಿ ಡಬ್ಬಿ ತುಂಬ ಶೇಂಗಾದ ಉಂಡಿ ಕಳಿಸಿದಳು. ಆ ಉಂಡಿ ತಿನ್ನುವ ಮೊದಲೋ ತಿಂದ ಮೇಲೋ ನಿಜ ಹೇಳಬೇಕು ಎಂಬ ಧರ್ಮಸಂಕಟ ಯಾವ ಮಾಸ್ತರಿಗೂ ಬೇಡ.

ಪೆನ್ನಿನ ತಪ್ಪಿಗೂ ದನಿಯ ತಪ್ಪಿಗೂ ಇರುವ ವ್ಯತ್ಯಾಸ ಇದೇ. ಪೆನ್ನಲ್ಲಿ ತಪ್ಪಿದವ ಗೀಚುತ್ತಾನೆ, ಮೇಲೆ ಬರೆಯುತ್ತಾನೆ, ಅಕ್ಷರ ಸೊಟ್ಟಗಾಗುತ್ತದೆ. ನೋಡಿದವರಿಗೆ ಇಲ್ಲೇನೋ ಅನುಮಾನ ಇದೆ ಎಂದು ಕಾಗದವೇ ಹೇಳುತ್ತದೆ. ಫೋನು ಬರೆದ ತಪ್ಪು ನೇರ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ, ಇಸ್ತ್ರಿ ಮಾಡಿದ ಅಂಗಿಯ ಹಾಗೆ ನಿಂತಿರುತ್ತದೆ. ಅದರ ಮೇಲೆ ಅನುಮಾನ ಪಡಲು ಮನಸ್ಸೇ ಬರುವುದಿಲ್ಲ. ಫೀ ಖಾತೆ, ರಶೀದಿ, ಅಂಕಪಟ್ಟಿ, ಅರ್ಜಿ ಈ ನಾಲ್ಕರ ಹತ್ತಿರ ಮೈಕನ್ನು ಬಿಟ್ಟುಕೊಳ್ಳಬಾರದು ಎನ್ನುವುದು ನನ್ನ ತೀರ್ಮಾನ. ಬಾಗೇವಾಡಿಯ ಗೆಳೆಯ ಒಪ್ಪುವುದಿಲ್ಲ. ಆತ ಎಲ್ಲವನ್ನೂ ಹೇಳಿ ಬರೆಸಿ, ಫೋನಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳುತ್ತಾನೆ. ಓದಿಸಿ ಕೇಳುವ ಪದ್ಧತಿ ಒಳ್ಳೆಯದೇ, ಕಣ್ಣು ಬಿಟ್ಟ ತಪ್ಪನ್ನು ಕಿವಿ ಹಿಡಿಯುತ್ತದೆ. ಆದರೆ ಹೇಳುವುದು, ಓದಿಸುವುದು, ತಿದ್ದುವುದು ಕೂಡಿದರೆ ಕೈಯಲ್ಲಿ ಬರೆದಷ್ಟೇ ಹೊತ್ತಾಯಿತಲ್ಲ ಎಂದರೆ ನಗುತ್ತಾನೆ. ಅವನಿಗೆ ಬಲಗೈಯ ಮಣಿಕಟ್ಟು ನೋವು. ಅಂಥವರಿಗೆ, ಕಣ್ಣು ಕಾಣದ ಶಿಕ್ಷಕರಿಗೆ ಈ ವಾದವೇ ಬೇರೆ. ಅವರ ಪಾಲಿಗೆ ಇದು ಕೈಯೇ ಬಂದ ಹಾಗೆ.

ಪ್ರಶ್ನೆಪತ್ರಿಕೆಯ ವಿಷಯ ಬೇಗ ಮುಗಿಸುತ್ತೇನೆ. ಭಿನ್ನರಾಶಿ, ವರ್ಗಮೂಲ, ಆಕೃತಿಗಳನ್ನು ಬಾಯಲ್ಲಿ ಹೇಳಿ ಬರೆಸಲಾಗದು. ಕನ್ನಡ, ಸಮಾಜದ ಪ್ರಶ್ನೆಗಳನ್ನು ಬರೆಸಬಹುದು. ಆದರೆ ಅಚ್ಚಿಗೆ ಕೊಡುವ ಝೆರಾಕ್ಸ್ ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರಶೈಲಿ ಇದ್ದರೆ ಫೋನಿನ ಯೂನಿಕೋಡ್ ಅಲ್ಲಿ ಚೌಕ ಚೌಕ ಡಬ್ಬಿಗಳಾಗುತ್ತದೆ. ಪರಿವರ್ತಕ ಇದೆ, ಅಂಗಡಿಯವನಿಗೆ ಪುರುಸೊತ್ತಿಲ್ಲ. "ಕೈಲೇ ಬರದ ಕೊಡ್ರಿ ಸರ್, ಝೆರಾಕ್ಸ್ ಹೊಡೀತೀನಿ" ಅನ್ನುತ್ತಾನೆ. ಅವನ ಮಾತಿಗೂ ಅರ್ಥವಿದೆ.

ಇನ್ನೊಂದು ವಾದ ಮುದ್ದೇಬಿಹಾಳದ ಅಕ್ಕೋರದು, ಇದನ್ನು ಹಗುರ ಮಾಡಲಾಗದು. ಬರೆಸುವುದೇ ಯಾಕೆ, ದನಿಯನ್ನೇ ಕಳಿಸಿದರಾಯಿತಲ್ಲ ಎಂಬುದು ಅವರ ಪ್ರಶ್ನೆ. ಅವರ ಮಕ್ಕಳಲ್ಲಿ ತಾಂಡಾದವರು ಹೆಚ್ಚು. ಎಷ್ಟೋ ತಾಯಂದಿರಿಗೆ ಓದು ಬರುವುದಿಲ್ಲ, ಕೆಲವರಿಗೆ ಲಂಬಾಣಿ ಮಾತೇ ಮೊದಲು. ಬರೆದ ಸಂದೇಶ ಕಳಿಸಿದರೆ ಅದನ್ನು ಓದಿ ಹೇಳುವವನು ಅದೇ ಹುಡುಗ! "ನಿಮ್ಮ ಮಗ ಹೋಮ್‌ವರ್ಕ್ ಮಾಡುವುದಿಲ್ಲ" ಎನ್ನುವ ಸಾಲನ್ನು ಅವನು ಅವ್ವನಿಗೆ ಹ್ಯಾಗೆ ಓದಿ ಹೇಳುತ್ತಾನೆಂದು ಊಹಿಸಬಹುದು. ವಾಟ್ಸಾಪಿನ ದನಿ ಸಂದೇಶಕ್ಕೆ ಈ ತೊಡಕಿಲ್ಲ. ಹೇಳಿದವರ ಕಳಕಳಿ, ಗದರು, ನಗು ಎಲ್ಲ ಮುಟ್ಟುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋದ ತಂದೆತಾಯಿ ಸಂಜೆ ಗುಡಿಸಿಲಲ್ಲಿ ಕೂತು ಅದನ್ನು ಎರಡೆರಡು ಸಲ ಕೇಳುತ್ತಾರಂತೆ.

ಅಕ್ಕೋರ ಮಾತಿಗೆ ನಾನು ಅರ್ಧ ಸೋತೆ. ಪಾಲಕರಿಗೆ ಹೇಳುವುದಕ್ಕೆ ದನಿಯೇ ಸರಿ. ಆದರೆ ದನಿ ದಾಖಲೆಯಾಗುವುದಿಲ್ಲ. ಮೂರು ತಿಂಗಳ ಹಿಂದೆ ಏನು ಹೇಳಿದೆ ಎಂದು ಹುಡುಕಬೇಕೆಂದರೆ ಇನ್ನೂರು ದನಿ ತುಣುಕುಗಳನ್ನು ಒಂದೊಂದಾಗಿ ಕೇಳಬೇಕು. ಬರಹದಲ್ಲಿ ಹೆಸರು ಒತ್ತಿದರೆ ಸಿಗುತ್ತದೆ. ಇಲ್ಲಿಂದ ನನಗೆ ಈ ಸಲಕರಣೆಯ ನಿಜವಾದ ಜಾಗ ಕಂಡಿತು. ಅದು ಇದ್ದ ಕಾಗದದ ಕೆಲಸವನ್ನು ಕಡಿಮೆ ಮಾಡಲಿಲ್ಲ. ಇಲ್ಲದಿದ್ದ ಒಂದು ಪುಸ್ತಕವನ್ನು ಹುಟ್ಟಿಸಿತು.

ನಮ್ಮ ಹಾಜರಿ ಪುಸ್ತಕದಲ್ಲಿ ಎರಡೇ ಮಾತು: ಹಾಜರ್, ಗೈರಹಾಜರ್. ಯಾಕೆ ಬರಲಿಲ್ಲ ಎಂಬುದಕ್ಕೆ ಅಂಕಣ ಇಲ್ಲ. ಟೆಸ್ಟಿನ ಪಟ್ಟಿಯಲ್ಲಿ ಇಪ್ಪತ್ತು ಇರುತ್ತದೆ, ಯಾವ ಲೆಕ್ಕದಲ್ಲಿ ಎಲ್ಲಿ ಎಡವಿದಳು ಎಂಬುದಿಲ್ಲ. ಅದೆಲ್ಲ ಮಾಸ್ತರನ ತಲೆಯಲ್ಲಿರುತ್ತದೆ. ಮೂವತ್ತು ಮಕ್ಕಳದ್ದು ತಲೆಯಲ್ಲಿ ಎಷ್ಟು ದಿನ ನಿಂತೀತು? ಈಗ ನಾನು ದಿನಾ ಮಕ್ಕಳು ಹೋದ ಮೇಲೆ ಐದು ನಿಮಿಷ ಫೋನಿನ ಮುಂದೆ ಮಾತಾಡುತ್ತೇನೆ. ಒಂದು ರಾತ್ರಿಯದನ್ನು ಹೆಸರು ಬಿಟ್ಟು ಇಲ್ಲಿ ಇಡುತ್ತೇನೆ, ತಿದ್ದಿದ ಮೇಲಿನದು: "ಒಂದನೇ ಸಾಲಿನ ಹುಡುಗಿ ಭಾಗಾಕಾರದಲ್ಲಿ ಸೊನ್ನೆ ಬಿಡುತ್ತಾಳೆ, ಮಗ್ಗಿ ಪಕ್ಕಾ ಇದೆ. ಅವಳ ಅಣ್ಣ ಎರಡು ದಿನ ಬಂದಿಲ್ಲ, ಲಿಂಬಿ ಆರಿಸಲು ಹೋಗಿದ್ದ. ಕಿಟಕಿ ಹತ್ತಿರದವನು ಕರಿ ಹಲಗೆ ಕಾಣದೆ ಪಕ್ಕದವನನ್ನು ನೋಡಿ ಬರೆಯುತ್ತಿದ್ದಾನೆ, ಕಣ್ಣು ತೋರಿಸಲು ಹೇಳಬೇಕು." ಇದನ್ನು ಪೆನ್ನಿನಲ್ಲಿ ಬರೆಯುವ ಶಕ್ತಿ ರಾತ್ರಿ ಒಂಬತ್ತಕ್ಕೆ ಯಾರಿಗೂ ಇರುವುದಿಲ್ಲ, ನಾನಂತೂ ಎಂದೂ ಬರೆದವನಲ್ಲ. ಇಲ್ಲಿ ಒಂದೆರಡು ಪದ ತಪ್ಪಾದರೆ ಆಕಾಶ ಕಳಚಿ ಬೀಳುವುದಿಲ್ಲ, ಓದುವವ ನಾನೊಬ್ಬನೇ, ಸಂದರ್ಭ ನನಗೆ ಗೊತ್ತು. ಒಂದೇ ನಿಯಮ: ಎಲ್ಲ ಮಕ್ಕಳೂ ಹೋಗಿರಬೇಕು. ಒಮ್ಮೆ ಒಳಗೆ ನಮ್ಮ ಸಣ್ಣಾಕಿ "ಎರಡ ಎರಡ್ಲೆ ನಾಕ" ಎನ್ನುತ್ತಿದ್ದಳು, ಅದು ಯಾರದೋ ವರದಿಯ ನಡುವೆ ಸೇರಿಕೊಂಡಿತು.

ಆದರೆ ಗುಣವಿದ್ದಲ್ಲೇ ಕಂಟಕವೂ ಇದೆ. ಲೆಕ್ಕದ ಪುಸ್ತಕ ಕಳೆದರೆ ಯಾರು ಎಷ್ಟು ಬಾಕಿ ಎಂದು ಊರಿಗೆ ತಿಳಿಯುತ್ತದೆ, ಅಷ್ಟೇ. ಈ ಎರಡನೆಯ ಪುಸ್ತಕದಲ್ಲಿ ಅಪ್ಪನ ಕುಡಿತ, ಅವ್ವನ ತವರು, ಹುಡುಗಿಯ ಮದುವೆಯ ಮಾತು ಎಲ್ಲ ಬಂದು ಕೂರುತ್ತದೆ, ಬೇಡವೆಂದರೂ. ಮಾತಿಗೆ ಪೆನ್ನಿನ ಸಂಕೋಚ ಇಲ್ಲ. ಬರೆಯುವಾಗ ಇದನ್ನು ಬರೆಯಬೇಕೇ ಎಂದು ಕೈ ತಡೆಯುತ್ತಿತ್ತು, ಹೇಳುವಾಗ ಬಾಯಿ ತಡೆಯುವುದಿಲ್ಲ. ಮೇಲಾಗಿ ನಾವು ಆಡಿದ್ದು ಅನೇಕ ಸಲ ಕಂಪನಿಯ ಸರ್ವರಿಗೆ ಹೋಗಿ ಅಕ್ಷರವಾಗಿ ಮರಳುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದು ಎಣಿಸುತ್ತದೆ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಹಂತಹಂತವಾಗಿ ಜಾರಿಗೆ ಬರುತ್ತವೆ. ಇದರಲ್ಲಿ ಒಂದು ತಮಾಷೆ ಇದೆ: ಕಾಗದದ ಖಾತೆಪುಸ್ತಕ ಆ ಕಾಯ್ದೆಯ ಹೊರಗೆ, ಅದೇ ಮಾತನ್ನು ಫೋನಿಗೆ ಹೇಳಿದ ಗಳಿಗೆಯಿಂದ ಒಳಗೆ. ಪಡಸಾಲೆಯ ಮಾಸ್ತರನ ಹಿಂದೆ ಯಾರೂ ಬರಲಾರರು, ಆ ಮಾತು ಬೇರೆ. ಆದರೂ ನಾನು ಹೆಸರಿನ ಬದಲು ಹಾಜರಿಯ ಕ್ರಮಸಂಖ್ಯೆ ಹೇಳುವುದನ್ನು ರೂಢಿ ಮಾಡಿಕೊಂಡೆ. ಹೆಸರಿನ ತಪ್ಪಿನ ಕಾಟವೂ ತಪ್ಪಿತು. ಜೂನಿನಲ್ಲಿ ಹೊಸ ತಂಡ ಬಂದಾಗ ಹಳೆಯದನ್ನು ಅಳಿಸುತ್ತೇನೆ.

ಸರ್ವರಿಗಿಂತ ಹತ್ತಿರದ ಕಿವಿಗಳೂ ಇವೆ. ಇಂಡಿಯ ಅಕ್ಕೋರ ಮನೆಯಲ್ಲಿ ಒಂಬತ್ತು ಜನ. ಅಡಿಗೆಮನೆಯಲ್ಲಿ ಅತ್ತೆ, ಕಟ್ಟೆಯ ಮೇಲೆ ಮಾವ, ಬಾಗಿಲಲ್ಲಿ ನೆರೆಯವರು. "ಹನ್ನೆರಡನೇ ನಂಬರಿನವರ ಫೀ ನಾಲ್ಕು ತಿಂಗಳ ಬಾಕಿ" ಎಂದು ಅವರು ಬಾಯಿಬಿಟ್ಟು ಹೇಳಿದರೆ, ಆ ಹನ್ನೆರಡನೇ ನಂಬರಿನವರು ಅತ್ತೆಯ ತವರಿನ ಕಡೆಯವರು! ಅಕ್ಕೋರು ಈಗ ಮಾಳಿಗೆ ಹತ್ತಿ, ನೀರಿನ ಟಾಕಿಯ ಮರೆಯಲ್ಲಿ ಕೂತು ಮಾತಾಡುತ್ತಾರೆ. ಗಾಳಿ ಬಂದರೆ ಫೋನಿಗೆ ಏನೂ ಕೇಳಿಸದು. ಗಂಡಸರ ಕೈಗೆ ಫೋನು ಸಿಕ್ಕ ದಿನದಿಂದ ಅವರು ಬಜಾರಿನಲ್ಲಿ ನಿಂತು ಕೂಗಿ ಮಾತಾಡುತ್ತಾರೆ, ದನಿಯ ಟೈಪಿಂಗ್ ಮಾಡಿದವರು ಹೆಂಗಸರಿಗೆ ಪಿಸುಮಾತಿನ ಒಂದು ಗುಂಡಿ ಇಟ್ಟಿದ್ದರೆ ಚೆನ್ನಾಗಿತ್ತು ಎಂದು ಅಕ್ಕೋರ ದೂರು.

ಹೋದ ಫೆಬ್ರುವರಿಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಕೊಲ್ಹಾಪುರದ ಕಡೆಯ ಕಬ್ಬಿನ ಫಡದಿಂದ ಒಬ್ಬ ತಾಯಿ ಫೋನ್ ಮಾಡಿದಳು. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಮೂರು ತಿಂಗಳಾಗಿತ್ತು. ಹಿಂದೆ ಟ್ರ್ಯಾಕ್ಟರ್ ಸದ್ದು. "ಸರ್ರೀ, ನಮ್ಮ ಹುಡುಗಿ ಹ್ಯಾಂಗ ಓದಾಕತ್ತಾಳ್ರಿ?" ಬೇರೆ ವರ್ಷವಾಗಿದ್ದರೆ "ಛಲೋ ಓದಾಕತ್ತಾಳವ್ವ" ಎಂದು ಮುಗಿಸುತ್ತಿದ್ದೆ. ಅಂದು ಫೋನು ಸ್ಪೀಕರಿಗೆ ಹಾಕಿ, ಅದರಲ್ಲೇ ಕ್ರಮಸಂಖ್ಯೆ ಒತ್ತಿ ಹುಡುಕಿ, ನವೆಂಬರಿನಿಂದ ಒಂದೊಂದೇ ಸಾಲು ಓದುತ್ತ ಬಂದೆ. ಸೊನ್ನೆ ಬಿಡುತ್ತಿದ್ದವಳು ಡಿಸೆಂಬರ್ ಎರಡನೆಯ ವಾರದಿಂದ ಬಿಡುವುದಿಲ್ಲ. ಜ್ವರ ಬಂದು ನಾಲ್ಕು ದಿನ ತಪ್ಪಿಸಿದಳು. ಹಲಗೆಯ ಮುಂದೆ ಬಂದು ತಾನೇ ಲೆಕ್ಕ ಬಿಡಿಸಿದಳು, ಒಮ್ಮೆ ಯಾರೋ ನಕ್ಕರು, ಆದರೂ ಬಿಡಿಸಿದಳು. ಆಚೆ ಬದಿಯಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ನಾನು ಓದುತ್ತಿದ್ದುದು ಪುಸ್ತಕದ ಕನ್ನಡ, ನಡುನಡುವೆ ನಿಲ್ಲಿಸಿ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೆ.

"ಮಾರ್ಕ್ಸ್ ಎಷ್ಟ ಬಿದ್ದಾವ್ರಿ?" ಎಂದಳು.

"ತಡೀವ್ವ" ಎಂದು ಫೋನು ಜಮಖಾನೆಯ ಮೇಲಿಟ್ಟು, ಗೂಡಿನಲ್ಲಿದ್ದ ಖಾತೆಪುಸ್ತಕ ತೆಗೆದೆ.